ಟೆಲಿಸ್ಕೋಪ್‌ನಲ್ಲಿ ಒಂದರ ಪಕ್ಕ ಇನ್ನೊಂದು ಗುರು ಕಾಣ್ತಿದೆಯಾ? ವಾಪಸ್ ಕೊಡೋ ಮೊದಲು ಹೀಗೆ ಪರೀಕ್ಷಿಸಿ

ಶಾಲೆಗೋ ಮನೆಗೋ ಹೊಸದಾಗಿ ಟೆಲಿಸ್ಕೋಪ್ ತಂದವರು ಅಂಗಡಿಗೆ ಹೊತ್ತು ತರುವ ದೂರುಗಳಲ್ಲಿ ಇದೂ ಒಂದು: "ಗುರು ಗ್ರಹ ಚೆನ್ನಾಗೇ ಕಾಣುತ್ತೆ, ಆದ್ರೆ ಪಕ್ಕದಲ್ಲಿ ಅದರದ್ದೇ ಇನ್ನೊಂದು ಮಂಕು ಬಿಂಬ ಓಡಾಡ್ತಿದೆ. ಪೀಸ್ ಡಿಫೆಕ್ಟ್ ಇರಬೇಕು, ಬದಲಾಯಿಸಿ ಕೊಡಿ." ಕೊಂಡವರಿಗೆ ದುಡ್ಡು ಹೋಯ್ತಲ್ಲ ಅನ್ನುವ ಚಿಂತೆ. ಮಾರಿದವರಿಗೆ ಮಾಲು ವಾಪಸ್ ಬಂತಲ್ಲ ಅನ್ನುವ ಚಿಂತೆ.

ಆದರೆ ಹೀಗೆ ಕಂಡ ಮಾತ್ರಕ್ಕೆ ಟೆಲಿಸ್ಕೋಪ್ ಕೆಟ್ಟಿದೆ ಅಂತಲ್ಲ. ಐಪೀಸ್ ಒಳಗಿನ ಗಾಜುಗಳ ನಡುವೆ ಬೆಳಕು ಹಿಂದೆ ಮುಂದೆ ಪುಟಿದಾಗ ಹುಟ್ಟುವ ಬಿಂಬ ಇದು. ಆಕಾಶ ನೋಡುವವರು ಇದನ್ನು 'ಘೋಸ್ಟ್' ಅಂತಾರೆ. ಕನ್ನಡದಲ್ಲಿ ಭೂತಬಿಂಬ ಅನ್ನಬಹುದು.

ಇದು ಹುಟ್ಟೋದು ಹೇಗೆ?

ರಾತ್ರಿ ಬಸ್ಸಿನ ಕಿಟಕಿ ಗಾಜಿನಲ್ಲಿ ಹೊರಗಿನ ದೀಪದ ಜೊತೆಗೆ ಬಸ್ಸಿನ ಒಳಗಿನ ಲೈಟೂ ಕಾಣುತ್ತೆ ಅಲ್ಲವೇ? ಗಾಜು ಎಷ್ಟೇ ಸ್ವಚ್ಛವಿದ್ದರೂ ಬೆಳಕನ್ನು ಪೂರ್ತಿ ಒಳಗೆ ಬಿಡುವುದಿಲ್ಲ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4% ಬೆಳಕನ್ನು ವಾಪಸ್ ಕಳಿಸುತ್ತೆ.

ಐಪೀಸ್ ಒಳಗೆ ಎರಡರಿಂದ ನಾಲ್ಕು, ಕೆಲವದರಲ್ಲಿ ಇನ್ನೂ ಹೆಚ್ಚು ಮಸೂರಗಳಿರುತ್ತವೆ. ಒಂದು ಮೈಗೆ ಬಡಿದು ಹಿಂದೆ ಹೋದ ಬೆಳಕು ಇನ್ನೊಂದು ಮೈಗೆ ಬಡಿದು ಮತ್ತೆ ಕಣ್ಣಿನ ಕಡೆಗೇ ಬಂದರೆ ಭೂತಬಿಂಬ ರೆಡಿ. ಲೆಕ್ಕ ಹಾಕಿದರೆ 4%ರಲ್ಲಿ 4%, ಅಂದರೆ ಮೂಲ ಬೆಳಕಿನ ಸುಮಾರು 600ರಲ್ಲಿ ಒಂದು ಪಾಲು.

ಇಷ್ಟು ಕಡಿಮೆ ಬೆಳಕು ಸಣ್ಣ ನಕ್ಷತ್ರಗಳ ವಿಷಯದಲ್ಲಿ ಕಣ್ಣಿಗೇ ಬೀಳಲ್ಲ. ಆದರೆ ಚಂದ್ರ, ಶುಕ್ರ, ಗುರು, ಲುಬ್ಧಕ ನಕ್ಷತ್ರದಂಥ ಪ್ರಖರ ವಸ್ತುಗಳಲ್ಲಿ ಎದ್ದು ಕಾಣುತ್ತೆ. ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳೂ ಗುರುವಿಗಿಂತ ಸರಿಸುಮಾರು ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು ಮಂಕು. ಹಾಗಾಗಿ ಮಕ್ಕಳು ಭೂತಬಿಂಬವನ್ನೇ ಉಪಗ್ರಹ ಅಂದುಕೊಂಡು ನೋಟ್ಸ್‌ನಲ್ಲಿ ಬರೆದುಕೊಳ್ಳುವ ಸಾಧ್ಯತೆ ಇದೆ.

ದೊಡ್ಡ ದೊಡ್ಡವರೇ ಮೋಸ ಹೋಗಿದ್ದರು

ಶನಿಯ ಉಂಗುರದ ನಡುವಿನ ಸಂದು ಕಂಡುಹಿಡಿದ ಕ್ಯಾಸಿನಿ, 1672ರಲ್ಲಿ ಮತ್ತು 1686ರಲ್ಲಿ ಶುಕ್ರನ ಹತ್ತಿರ ಒಂದು ಉಪಗ್ರಹದಂಥದ್ದನ್ನು ಕಂಡಿದ್ದರು. 1740ರಲ್ಲಿ ಜೇಮ್ಸ್ ಶಾರ್ಟ್ ಕೂಡ ಅಂಥದ್ದೇ ಕಂಡಿದ್ದಾಗಿ ಹೇಳಿದರು. 1766ರಲ್ಲಿ ವಿಯೆನ್ನಾದ ಮ್ಯಾಕ್ಸಿಮಿಲಿಯನ್ ಹೆಲ್ ಬೇರೆಯೇ ಕಾರಣ ಮುಂದಿಟ್ಟರು: ಶುಕ್ರನ ಪ್ರಖರ ಬೆಳಕು ನೋಡುವವರ ಕಣ್ಣಿಗೆ ಬಡಿದು, ಟೆಲಿಸ್ಕೋಪ್ ಒಳಗೆ ಹೋಗಿ, ಮತ್ತೆ ಪ್ರತಿಫಲಿಸಿ ಬರುತ್ತಿದೆ ಎಂದು. ಶುಕ್ರನಿಗೆ ಉಪಗ್ರಹವೇ ಇಲ್ಲ ಅನ್ನೋದು ಇವತ್ತು ಎಲ್ಲರಿಗೂ ಗೊತ್ತು.

ಎಲ್ಲಿಂದ ಬರ್ತಿದೆ? ಹತ್ತು ನಿಮಿಷದ ಪರೀಕ್ಷೆ

ಮೊದಲು ಟೆಲಿಸ್ಕೋಪ್ ಅನ್ನು ಬಯಲಿಗೆ ತನ್ನಿ. ಕಿಟಕಿ ಗಾಜಿನ ಮೂಲಕ ನೋಡಿದರೆ ಆ ಗಾಜೇ ಜೋಡಿ ಬಿಂಬ ಕೊಡುತ್ತೆ. ಆಮೇಲೆ ಈ ಕ್ರಮದಲ್ಲಿ ನೋಡುತ್ತಾ ಹೋಗಿ.

1. ಕಣ್ಣು ಅಲ್ಲಾಡಿಸಿ: ತಲೆಯನ್ನು ಸ್ವಲ್ಪ ಆಚೀಚೆ ಮಾಡಿ. ಬಿಂಬವೂ ಜೊತೆಗೇ ಸರಿದಾಡಿದರೆ ಅದು ನಿಮ್ಮ ಕಣ್ಣು ಅಥವಾ ಕನ್ನಡಕದಿಂದ ಬಂದ ಪ್ರತಿಫಲನ.

2. ಗ್ರಹವನ್ನು ಹಾಯಲು ಬಿಡಿ: ಟೆಲಿಸ್ಕೋಪ್ ಮುಟ್ಟಬೇಡಿ. ಭೂಮಿ ತಿರುಗುವುದರಿಂದ ಗ್ರಹ ತಾನಾಗೇ ಒಂದು ಕಡೆಗೆ ಸರಿಯುತ್ತೆ. ನಿಜವಾದ ಉಪಗ್ರಹ, ನಕ್ಷತ್ರಗಳು ಅದರ ಜೊತೆಗೇ ಹೋಗುತ್ತವೆ. ಭೂತಬಿಂಬ ಸಾಮಾನ್ಯವಾಗಿ ಎದುರು ದಿಕ್ಕಿಗೆ ಓಡುತ್ತೆ. ಮಧ್ಯಕ್ಕೆ ಬಂದಾಗ ಎರಡೂ ಒಂದರ ಮೇಲೊಂದು ಕೂರುತ್ತವೆ.

3. ಒಂದೊಂದೇ ಭಾಗ ತೆಗೆಯಿರಿ: ಮೂನ್ ಫಿಲ್ಟರ್, ಬಣ್ಣದ ಫಿಲ್ಟರ್, ಬಾರ್ಲೋ ಲೆನ್ಸ್ ಇದ್ದರೆ ಒಂದೊಂದಾಗಿ ಬಿಚ್ಚಿ ನೋಡಿ. ಲೇಪನವಿಲ್ಲದ ಚಪ್ಪಟೆ ಫಿಲ್ಟರ್‌ಗಳಿಂದ ಈ ತೊಂದರೆ ಜಾಸ್ತಿ. ತೆಗೆದ ಕೂಡಲೇ ಬಿಂಬ ಮಾಯವಾದರೆ ಕಳ್ಳ ಸಿಕ್ಕ.

4. ಐಪೀಸ್ ಬದಲಿಸಿ: ಬೇರೆ ಐಪೀಸ್ ಹಾಕಿದಾಗ ಬಿಂಬ ಹೋದರೆ ತೊಂದರೆ ಐಪೀಸ್‌ನದ್ದು, ಟೆಲಿಸ್ಕೋಪ್‌ನದ್ದಲ್ಲ. ಇಡೀ ಟೆಲಿಸ್ಕೋಪ್ ವಾಪಸ್ ಕೊಡುವ ಅಗತ್ಯವಿಲ್ಲ.

5. ಐಪೀಸ್ ತಿರುಗಿಸಿ: ಇದ್ದ ಜಾಗದಲ್ಲೇ ನಿಧಾನಕ್ಕೆ ತಿರುಗಿಸಿ. ಬಿಂಬವೂ ಸುತ್ತ ತಿರುಗಿದರೆ ಒಳಗಿನ ಮಸೂರ ಅಥವಾ ಫಿಲ್ಟರ್ ಓರೆಯಾಗಿ ಕೂತಿರಬಹುದು. ಹೊಸ ಐಪೀಸ್ ಆದರೆ ಬದಲಿ ಕೇಳಲು ಇದು ನ್ಯಾಯವಾದ ಕಾರಣ.

ಎಲ್ಲ ಐಪೀಸ್‌ಗಳಲ್ಲೂ ಹಾಗೇ ಕಂಡರೆ, ಬೆಳಕನ್ನು ತಿರುಗಿಸುವ ಡಯಾಗನಲ್ ಭಾಗವನ್ನು ಬೇರೆಯವರದ್ದರ ಜೊತೆ ಅದಲು ಬದಲು ಮಾಡಿ ನೋಡಿ. ಆಗಲೂ ಹೋಗಲಿಲ್ಲ ಅಂದರೆ ಮುಂದಿನ ದೊಡ್ಡ ಮಸೂರದ ಕಡೆ ಅನುಮಾನ ಪಡಬೇಕು. ಆಗ ಅಂಗಡಿಗೆ ಒಯ್ಯಿರಿ.

ಇವು ಭೂತಬಿಂಬ ಅಲ್ಲ

ಗ್ರಹದ ಸುತ್ತ ಮಂಜಿನ ಥರ ಕಂಡರೆ ಬೆರಳಚ್ಚು, ಧೂಳು ಅಥವಾ ಇಬ್ಬನಿ ಇರಬಹುದು. ಕನ್ನಡಿ ಟೆಲಿಸ್ಕೋಪ್‌ನಲ್ಲಿ ನಕ್ಷತ್ರಕ್ಕೆ ನಾಲ್ಕು ಕಿರಣ ಕಂಡರೆ ಅದು ಒಳಗಿನ ಸಣ್ಣ ಕನ್ನಡಿ ಹಿಡಿದಿರುವ ಪಟ್ಟಿಗಳ ಪರಿಣಾಮ. ಮಸೂರದ ಟೆಲಿಸ್ಕೋಪ್‌ನಲ್ಲಿ ಅಂಚಿಗೆ ನೇರಳೆ ಬಣ್ಣ ಕಂಡರೆ ಅದೂ ಆ ಬಗೆಯ ಮಸೂರದ ಗುಣ.

ಖರ್ಚಿಲ್ಲದ ಪರಿಹಾರ

ಗ್ರಹವನ್ನು ಸರಿಯಾಗಿ ಮಧ್ಯದಲ್ಲೂ ಇಡಬೇಡಿ, ಅಂಚಿಗೂ ತಳ್ಳಬೇಡಿ. ಮಧ್ಯದಿಂದ ತುಸು ಪಕ್ಕಕ್ಕಿಟ್ಟರೆ ಭೂತಬಿಂಬ ಗ್ರಹದ ಮೇಲಿಂದ ಸರಿದು ಪಟ್ಟಿಗಳು ಸ್ಪಷ್ಟವಾಗುತ್ತವೆ. ಬೀದಿ ದೀಪ, ಅಂಗಡಿ ಬೋರ್ಡಿನ ಬೆಳಕು ಪಕ್ಕದಿಂದ ಬೀಳುತ್ತಿದ್ದರೆ ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ನೋಡಿ.

ಒರೆಸುವುದಾದರೆ ಪಂಚೆ ತುದಿ, ಸೀರೆ ಸೆರಗು ಬೇಡ. ಮೊದಲು ಬ್ಲೋವರ್‌ನಿಂದ ಧೂಳು ಊದಿ, ಆಮೇಲೆ ಲೆನ್ಸ್ ದ್ರವ ಹಾಕಿದ ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಒರೆಸಿ. ಐಪೀಸ್ ಬಿಚ್ಚಲು ಹೋಗಬೇಡಿ. ಮಸೂರ ತಿರುವುಮುರುವಾದರೆ ಮತ್ತೆ ಜೋಡಿಸೋದು ಕಷ್ಟ.

ಕೊಳ್ಳುವಾಗ, ಮಾರುವಾಗ

ಕನ್ನಡಕದ ಅಂಗಡಿಯಲ್ಲಿ 'ಆಂಟಿ ಗ್ಲೇರ್' ಅಂತ ಹಸಿರು ಹೊಳಪಿನ ಗಾಜು ಕೊಡ್ತಾರಲ್ಲ, ಐಪೀಸ್‌ಗೂ ಅದೇ ತತ್ವದ ಲೇಪನ. ಒಂದು ಪದರ ಹಚ್ಚಿದರೆ ಪ್ರತಿಫಲನ ಸುಮಾರು 1.5%ಗೆ ಇಳಿಯುತ್ತೆ, ಒಳ್ಳೆಯ ಹಲವು ಪದರದ್ದಾದರೆ 0.5%ಗಿಂತ ಕಡಿಮೆ. 0.5% ಅಂತಲೇ ಹಿಡಿದರೂ ಭೂತಬಿಂಬ 40,000ದಲ್ಲಿ ಒಂದು ಪಾಲು ಮಾತ್ರ.

ಅಂಗಡಿಯಲ್ಲೇ ಪರೀಕ್ಷಿಸಬಹುದು. ಐಪೀಸನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಗಾಜಿನಲ್ಲಿ ಕಾಣುವ ಪ್ರತಿಬಿಂಬ ನೋಡಿ. ಬೆಳ್ಳಗೆ ಹೊಳೆದರೆ ಲೇಪನ ಇಲ್ಲ. ನೀಲಿ, ನೇರಳೆ ಅಥವಾ ಮಂಕು ಹಸಿರಾಗಿ ಕಂಡರೆ ಲೇಪನ ಇದೆ. ಡಬ್ಬಿಯ ಮೇಲೆ ಬರೀ 'ಕೋಟೆಡ್' ಅಂದರೆ ಕೆಲವು ಮೈಗಳಿಗೆ ಮಾತ್ರ ಲೇಪನ. 'ಫುಲ್ಲಿ ಮಲ್ಟಿ ಕೋಟೆಡ್' ಅಂದರೆ ಗಾಳಿಗೆ ತಾಗುವ ಎಲ್ಲ ಮೈಗಳಿಗೂ ಹಲವು ಪದರ.

ಅಗ್ಗದ ಟೆಲಿಸ್ಕೋಪ್ ಜೊತೆ ಬರುವ 'ಎಚ್', 'ಎಸ್‌ಆರ್' ಗುರುತಿನ ಐಪೀಸ್‌ಗಳು ಹಳೆಯ ಸರಳ ವಿನ್ಯಾಸದವು. ಅವುಗಳ ಬದಲು ಒಂದು ಲೇಪನವಿರುವ 'ಪ್ಲೋಸಲ್' ಐಪೀಸ್ ಹಾಕಿದರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತೆ. ತರಿಸುವ ಮೊದಲು ಕೊಳವೆ ಅಳತೆ ನೋಡಿಕೊಳ್ಳಿ: ಈಗಿನ ಸಾಮಾನ್ಯ ಅಳತೆ 1.25 ಇಂಚು, ಹಳೆಯ ಹಾಗೂ ಆಟಿಕೆ ಮಾದರಿಗಳಲ್ಲಿ 0.965 ಇಂಚು.

ಒಂದು ಎಚ್ಚರಿಕೆ

ಈ ಯಾವ ಪರೀಕ್ಷೆಯನ್ನೂ ಸೂರ್ಯನ ಕಡೆ ತಿರುಗಿಸಿ ಮಾಡಬೇಡಿ. ಡಬ್ಬಿಯಲ್ಲಿ ಐಪೀಸ್‌ಗೆ ಸಿಕ್ಕಿಸುವ 'ಸನ್' ಫಿಲ್ಟರ್ ಸಿಕ್ಕರೆ ಅದನ್ನು ಬಳಸಲೇಬೇಡಿ. ಬಿಸಿಗೆ ಅದು ಸೀಳಿದರೆ ಕಣ್ಣು ಶಾಶ್ವತವಾಗಿ ಹೋಗಬಹುದು. ಅಂಗಡಿಯವರು ಅಂಥ ಫಿಲ್ಟರನ್ನು ಡಬ್ಬಿಯಿಂದ ತೆಗೆದಿಟ್ಟೇ ಮಾರಿದರೆ ಮಕ್ಕಳಿಗೆ ದೊಡ್ಡ ಉಪಕಾರ.