ಕಂಪನಿ ಬಿಟ್ಟ ತಂಡವನ್ನು ಊರು ಹಿಡಿದದ್ದು

ಕೆಟ್ಟದ್ದನ್ನು ನೋಡಬೇಡ, ಕೇಳಬೇಡ, ಆಡಬೇಡ ಎನ್ನುವ ಮೂರು ಕೋತಿಗಳನ್ನು ನಾವು ‘ಗಾಂಧೀಜಿಯ ಕೋತಿಗಳು’ ಎಂದೇ ಬಲ್ಲೆವು. ಗಾಂಧೀಜಿಯವರ ಬಳಿ ಅಂಥದ್ದೊಂದು ಪುಟ್ಟ ಬೊಂಬೆ ಇದ್ದದ್ದೂ ನಿಜ. ಆದರೆ ಆ ಕೋತಿಗಳ ಅತ್ಯಂತ ಹೆಸರಾದ ಕೆತ್ತನೆ ಇರುವುದು ಜಪಾನಿನ ನಿಕ್ಕೊದಲ್ಲಿ. ಟೋಕಿಯೊದಿಂದ ಉತ್ತರಕ್ಕೆ ಸುಮಾರು 140 ಕಿಲೋಮೀಟರ್ ದೂರದ ಈ ಬೆಟ್ಟದೂರಿನಲ್ಲಿ, ತೊಕುಗಾವಾ ಇಯೆಯಾಸುವಿನ ಸಮಾಧಿಯಿರುವ ತೋಶೋಗು ಎಂಬ ಮಂದಿರವುಂಟು. ಅಲ್ಲಿನ ಕುದುರೆ ಲಾಯದ ಮರದ ಗೋಡೆಯ ಮೇಲೆ ಕೋತಿಗಳು ಕುಳಿತಿವೆ. 1999ರ ಡಿಸೆಂಬರಿನಲ್ಲಿ ನಿಕ್ಕೊದ ಮಂದಿರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಅದೇ 1999ರಲ್ಲಿ ನಿಕ್ಕೊ ತನ್ನ ಇನ್ನೊಂದು ಆಸ್ತಿಯನ್ನು ಕಳೆದುಕೊಳ್ಳುವುದರಲ್ಲಿತ್ತು. ಅದು ಕಲ್ಲಿನದೂ ಅಲ್ಲ, ಮರದ್ದೂ ಅಲ್ಲ. ಒಂದು ಐಸ್ ಹಾಕಿ ತಂಡ. 1925ರಲ್ಲಿ ಹುಟ್ಟಿ ಮುಕ್ಕಾಲು ಶತಮಾನ ಬಾಳಿದ ‘ಫುರುಕಾವಾ ಎಲೆಕ್ಟ್ರಿಕ್’ ತಂಡವನ್ನು ಅದರ ಒಡೆತನದ ಕಂಪನಿ ಆ ವರ್ಷ ವಿಸರ್ಜಿಸಿತು.

ಹಾಕಿ ಎಂದೊಡನೆ ಭಾರತೀಯರ ಕಣ್ಣಿಗೆ ಬರುವುದು ಹುಲ್ಲಿನ ಮೈದಾನ, ಧ್ಯಾನ್‌ಚಂದ್. ಐಸ್ ಹಾಕಿ ಬೇರೆಯೇ ಜಾತಿಯದು. ಕಾಲಿಗೆ ಉಕ್ಕಿನ ಅಲಗಿನ ಬೂಟು ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯನ್ನು ಹೊಡೆಯುತ್ತಾ, ಮಂಜುಗಡ್ಡೆಯ ಮೇಲೆ ಆರು ಮಂದಿ ಆರು ಮಂದಿಯೊಡನೆ ಸೆಣಸುವ ಆಟ. ಇದಕ್ಕೆ ಚಳಿ ಬೇಕು, ಅದು ನಿಕ್ಕೊದಲ್ಲಿ ಧಾರಾಳ. ಚಳಿಗಾಲದಲ್ಲಿ ಕೊಳದ ನೀರನ್ನು ಹೆಪ್ಪುಗಟ್ಟಿಸಿ, ಗಡ್ಡೆಗಳನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿಟ್ಟು ಬೇಸಿಗೆಯಲ್ಲಿ ಮಾರುವ ಕಸುಬು ಅಲ್ಲಿ ಇಂದಿಗೂ ಉಳಿದಿದೆ.

ಆದರೆ ಚಳಿಯೊಂದರಿಂದಲೇ ತಂಡ ಹುಟ್ಟುವುದಿಲ್ಲ. ನಿಕ್ಕೊದ ತಂಡದ ಬೇರು ತಾಮ್ರದಲ್ಲಿದೆ. ಬೆಟ್ಟದ ಆಚೆಗಿರುವ ಅಶಿಯೊ ಗಣಿಯನ್ನು 1877ರಲ್ಲಿ ಫುರುಕಾವಾ ಇಚಿಬೇ ಎಂಬ ವ್ಯಾಪಾರಿ ಕೊಂಡುಕೊಂಡ. ಕೆಲವೇ ವರ್ಷಗಳಲ್ಲಿ ಅದು ಜಪಾನಿನ ಅತಿ ದೊಡ್ಡ ತಾಮ್ರದ ಗಣಿಯಾಯಿತು. ಗಣಿಯ ವಿಷ ವತರಾಸೆ ನದಿಗೆ ಇಳಿದು ಕೆಳಗಿನ ಬಯಲಿನ ಮೀನು ಸತ್ತವು, ಗದ್ದೆ ಕೆಟ್ಟವು. ರೈತರ ಪರವಾಗಿ ಸಂಸತ್ತಿನಲ್ಲಿ ಕೂಗಾಡಿ ಸೋತ ತನಾಕಾ ಶೋಜೊ, ಸದಸ್ಯತ್ವವನ್ನೇ ಬಿಟ್ಟು 1901ರಲ್ಲಿ ಚಕ್ರವರ್ತಿಯ ಸಾರೋಟಿಗೆ ಅಡ್ಡ ಓಡಿ ಅಹವಾಲು ಕೊಡಲು ಯತ್ನಿಸಿದ್ದು ಜಪಾನಿನ ಪರಿಸರ ಚಳವಳಿಯ ಮೊದಲ ದೊಡ್ಡ ಅಧ್ಯಾಯ. ಇತ್ತ ನಿಕ್ಕೊದ ಕಡೆ, ಬೆಟ್ಟದ ನೀರಿನಿಂದ ವಿದ್ಯುತ್ ತೆಗೆದು, ಆ ವಿದ್ಯುತ್ತಿನಿಂದ ಅಶಿಯೊ ತಾಮ್ರವನ್ನು ಶುದ್ಧಿ ಮಾಡುವ ಕಾರ್ಖಾನೆ 1906ರಲ್ಲಿ ಆರಂಭವಾಯಿತು. ಮುಂದೆ ಫುರುಕಾವಾ ಎಲೆಕ್ಟ್ರಿಕ್ ಆದ ಸಂಸ್ಥೆಯ ನಿಕ್ಕೊ ಕಾರ್ಖಾನೆ ಇದೇ. ನಾಡಿಗೆ ತಂತಿ ಕೊಟ್ಟದ್ದೂ ನದಿಗೆ ವಿಷ ಕೊಟ್ಟದ್ದೂ ಒಂದೇ ಮನೆತನ. ಊರಿಗೆ ಹಾಕಿ ಬಂದದ್ದೂ ಆ ಮನೆಯಿಂದಲೇ.

ಜಪಾನಿನಲ್ಲಿ ಕ್ರೀಡೆಯ ಪೋಷಕರು ಬಹುಕಾಲ ಕಂಪನಿಗಳೇ. ಆಟಗಾರ ಕಂಪನಿಯ ನೌಕರ. ಸಂಬಳ, ವಸತಿ ಎಲ್ಲ ಅಲ್ಲಿಂದ. ಆಟದ ವಯಸ್ಸು ಮುಗಿದ ಮೇಲೂ ಕೆಲಸ ಉಂಟೆಂಬ ನೆಮ್ಮದಿ. 1966ರಲ್ಲಿ ಜಪಾನ್ ಐಸ್ ಹಾಕಿ ಲೀಗ್ ಶುರುವಾದಾಗ ಇದ್ದ ಐದು ತಂಡಗಳೂ ಇಂಥವೇ. ಫುರುಕಾವಾ ಅವುಗಳಲ್ಲಿ ಒಂದು. ತೊಮಕೊಮಾಯಿ ಎಂಬ ಕಾಗದದ ಪಟ್ಟಣದಿಂದ ಬಂದ ಓಜಿ ತಂಡ, ಅದೂ 1925ರ ಹುಟ್ಟಿನದೇ, ಇನ್ನೊಂದು. ಗೆದ್ದರೆ ಕಂಪನಿಗೆ ಕೀರ್ತಿ. ಪ್ರೇಕ್ಷಕ ಟಿಕೆಟ್ ಕೊಂಡನೇ ಇಲ್ಲವೇ ಎಂಬುದು ಯಾರ ತಲೆಬೇನೆಯೂ ಆಗಿರಲಿಲ್ಲ. ಈ ವ್ಯವಸ್ಥೆಯ ಸುಖವೂ ಕೇಡೂ ಅಲ್ಲೇ ಇತ್ತು ಎನ್ನಬೇಕು.

ತೊಂಬತ್ತರ ದಶಕದ ಆರಂಭದಲ್ಲಿ ಜಪಾನಿನ ಆರ್ಥಿಕತೆಯ ಗುಳ್ಳೆ ಒಡೆಯಿತು. ಲೆಕ್ಕಪತ್ರದಲ್ಲಿ ‘ಖರ್ಚು’ ಎಂಬ ಕಲಮಿನಲ್ಲಷ್ಟೇ ಕಾಣಿಸುವ ಕ್ರೀಡಾ ತಂಡಗಳ ಮೇಲೆ ಮೊದಲು ಕತ್ತರಿ ಬಿತ್ತು. ಸ್ವಾರಸ್ಯವೆಂದರೆ, ಇದೇ ಫುರುಕಾವಾ ಕಂಪನಿಯ ಫುಟ್‌ಬಾಲ್ ತಂಡ ಅಷ್ಟು ಹೊತ್ತಿಗೆ ಬೇರೆ ದಾರಿ ಹಿಡಿದಾಗಿತ್ತು. ಏಷ್ಯಾದ ಕ್ಲಬ್ ಪ್ರಶಸ್ತಿಯನ್ನು ಗೆದ್ದ ಮೊದಲ ಜಪಾನೀ ತಂಡ ಅದು. 1993ರಲ್ಲಿ ಜೆ-ಲೀಗ್ ಆರಂಭವಾದಾಗ, ತಂಡಗಳು ಕಂಪನಿಯ ಹೆಸರು ಬಿಟ್ಟು ಊರಿನ ಹೆಸರು ಹೊರಬೇಕೆಂಬ ನಿಯಮದಂತೆ ಅದು ಇಚಿಹಾರಾ ನಗರದ ‘ಜೆಫ್ ಯುನೈಟೆಡ್’ ಆಗಿ ರೂಪಾಂತರ ಹೊಂದಿತು. ಫುಟ್‌ಬಾಲ್ ಹಣ ಇದ್ದಾಗಲೇ ಊರಿನ ಕೈಗೆ ಬಂತು. ಐಸ್ ಹಾಕಿ ಬಂದದ್ದು ಬೀದಿಗೆ ಬಿದ್ದ ಮೇಲೆ.

1999ರಲ್ಲಿ ನಿಕ್ಕೊದ ಜನ ಸುಮ್ಮನೆ ಕೂರಲಿಲ್ಲ. ಆಟಗಾರರು, ಅಭಿಮಾನಿಗಳು, ಸ್ಥಳೀಯ ಅಂಗಡಿ-ಉದ್ದಿಮೆಯವರು ಸೇರಿ ತಂಡವನ್ನು ನಾಗರಿಕರ ಕ್ಲಬ್ ಆಗಿ ಉಳಿಸಿಕೊಂಡರು. ಹೊಸ ಹೆಸರು ‘ನಿಕ್ಕೊ ಐಸ್‌ಬಕ್ಸ್’. ಬಕ್ ಎಂದರೆ ಗಂಡು ಜಿಂಕೆ. ನಿಕ್ಕೊ ಕಾಡುಗಳಲ್ಲಿ ಜಿಂಕೆಗಳುಂಟು. ದೊಡ್ಡ ಕಂಪನಿಯ ಬೆನ್ನಿಲ್ಲದೆ ನಾಗರಿಕರೇ ನಡೆಸುವ ಇಂಥ ತಂಡ ಜಪಾನಿನ ಹಾಕಿಯಲ್ಲಿ ಇದೇ ಮೊದಲು.

ಹೆಸರು ಬದಲಾಯಿತು, ಆದರೆ ಸಂಬಳ ಎಲ್ಲಿಂದ? ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟದ ಊರು, ಎರಡು ಸಾವಿರದ ಆಸುಪಾಸು ಪ್ರೇಕ್ಷಕರು ಹಿಡಿಸುವ ಕಿರಿಫುರಿ ಕ್ರೀಡಾಂಗಣ. ಎಷ್ಟು ಟಿಕೆಟ್ ಮಾರಿದರೂ ವೃತ್ತಿಪರ ತಂಡದ ಹೊಟ್ಟೆ ತುಂಬದು. ಮೊದಲ ವರ್ಷಗಳಲ್ಲಿ ಮುಚ್ಚುವ ಮಾತು ಮತ್ತೆ ಮತ್ತೆ ಬಂತು, ಪ್ರತಿ ಸಲವೂ ದೇಣಿಗೆಯಿಂದ, ಸಣ್ಣ ಸಣ್ಣ ಪ್ರಾಯೋಜಕರಿಂದ ಗಂಡಾಂತರ ಕಳೆಯಿತು. ಪಟ್ಟಿಯ ತಳದಲ್ಲಿ ಕುಳಿತ ತಂಡವನ್ನೂ ಊರು ಕೈಬಿಡಲಿಲ್ಲ. ಐಸ್‌ಬಕ್ಸ್ ಅಖಿಲ ಜಪಾನ್ ಚಾಂಪಿಯನ್‌ಶಿಪ್ ಗೆಲ್ಲಲು 2011–12ರ ಸಾಲಿನವರೆಗೆ ಕಾಯಬೇಕಾಯಿತು. 2007ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಪರ ಆಡಿ, ಉತ್ತರ ಅಮೆರಿಕದ ಎನ್.ಎಚ್.ಎಲ್. ಅಂಗಳಕ್ಕಿಳಿದ ಮೊದಲ ಜಪಾನೀ ಎನಿಸಿದ ಗೋಲ್‌ಕೀಪರ್ ಯುತಾಕಾ ಫುಕುಫುಜಿ, ವಿದೇಶಗಳನ್ನು ಸುತ್ತಿ ಬಂದು ಗೋಲು ಕಾದದ್ದು ಈ ಬಡ ತಂಡಕ್ಕೇ.

ಶ್ರೀಮಂತ ತಂಡಗಳ ಗತಿ ಏನಾಯಿತು? ಹಾಲಿನ ವಿಷಪ್ರಕರಣದಿಂದ 2000ದಲ್ಲಿ ಕಂಗೆಟ್ಟ ಸ್ನೋ ಬ್ರ್ಯಾಂಡ್ ಕಂಪನಿ ತನ್ನ ಸಪ್ಪೊರೊ ತಂಡವನ್ನು ಮರುವರ್ಷವೇ ಕೈಬಿಟ್ಟಿತು. ಉತ್ತರಾಧಿಕಾರಿ ತಂಡ ಒಂದೇ ಋತು ಉಸಿರಾಡಿತು. ರೈಲು, ಹೋಟೆಲುಗಳ ದೊಡ್ಡ ಸಮೂಹವಾದ ಸೇಬು, ಪ್ರಶಸ್ತಿಗಳನ್ನು ರಾಶಿ ಹಾಕಿದ್ದ ತನ್ನ ಪ್ರಿನ್ಸ್ ರ್‍ಯಾಬಿಟ್ಸ್ ತಂಡವನ್ನು ಮುಚ್ಚುವುದಾಗಿ 2008ರ ಡಿಸೆಂಬರಿನಲ್ಲಿ ಸಾರಿತು. ಕೊಳ್ಳುವವರು ಸಿಗಲಿಲ್ಲ. ಟೋಕಿಯೊ ಮಹಾನಗರದಲ್ಲಿ ಆ ತಂಡವನ್ನು ‘ನಮ್ಮದು’ ಎಂದು ಎತ್ತಿಕೊಳ್ಳುವ ಒಂದು ಊರು ಇರಲಿಲ್ಲ.

ಹಾಗೆಂದು ಊರಿದ್ದರೆ ಸಾಕೆಂದೂ ಹೇಳುವಂತಿಲ್ಲ. ಫುಕುಫುಜಿಯ ಹುಟ್ಟೂರು ಕುಶಿರೊದಲ್ಲಿ ಕಾಗದ ಕಂಪನಿಯ ಕ್ರೇನ್ಸ್ ತಂಡ 2019ರಲ್ಲಿ ನಿಂತಾಗ ಅಲ್ಲೂ ಹೊಸ ಕ್ಲಬ್ ಎದ್ದಿತು. ಸಂಬಳ ಬಾಕಿಯ ಗದ್ದಲದಲ್ಲಿ ಸಿಲುಕಿ 2023ರಲ್ಲಿ ಅದು ಲೀಗಿನಿಂದ ಹೊರಬಿತ್ತು. ಕಾಗದ ಕಾರ್ಖಾನೆ ತಾನೇ 2021ರಲ್ಲಿ ಕಾಗದ ತಯಾರಿಕೆ ನಿಲ್ಲಿಸಿತ್ತು. ಐಸ್‌ಬಕ್ಸ್ ಉಳಿದದ್ದರಲ್ಲಿ ನಿಷ್ಠೆಯ ಜೊತೆಗೆ ಅದೃಷ್ಟದ ಪಾಲೂ ಇದ್ದಿರಬೇಕು.

ಈಗ ಕಾಲ ತಿರುಗಿದೆ. ಜಪಾನಿನ ತಂಡಗಳು 2003ರಿಂದ ನೆರೆಯ ದೇಶದವರೊಡನೆ ಏಷ್ಯಾ ಲೀಗಿನಲ್ಲಿ ಆಡುತ್ತಿವೆ. ಓಜಿಯ ಹಳೆಯ ತಂಡವೂ 2021ರಲ್ಲಿ ಕಂಪನಿಯ ಹೆಸರನ್ನು ಕಳಚಿ ‘ರೆಡ್ ಈಗಲ್ಸ್ ಹೊಕ್ಕೈಡೊ’ ಎಂಬ ಕ್ಲಬ್ ಆಯಿತು. ನಿಕ್ಕೊ 22 ವರ್ಷ ಮೊದಲೇ ತುಳಿದಿದ್ದ ದಾರಿ ಅದು. 2020ರಲ್ಲಿ ಸೇರಿದ ಯೊಕೊಹಾಮಾ ಗ್ರಿಟ್ಸ್ ತಂಡದ ಆಟಗಾರರು ಬೇರೆ ಬೇರೆ ಕಂಪನಿಗಳಲ್ಲಿ ದುಡಿಯುತ್ತಲೇ ಆಡುತ್ತಾರೆ. ಬೆಳಿಗ್ಗೆ ಅಭ್ಯಾಸ, ಆಮೇಲೆ ಕಚೇರಿ. ಹಳೆಯ ಪದ್ಧತಿಯೇ ಬೇರೆ ವೇಷದಲ್ಲಿ ಮರಳಿದಂತಿದೆ.

ಐಸ್‌ಬಕ್ಸ್ ತನ್ನ ವಂಶಾವಳಿಯನ್ನು 1999ರಿಂದಲ್ಲ, 1925ರಿಂದಲೇ ಎಣಿಸುತ್ತದೆ. 1973ರಲ್ಲಿ ಅಗೆತ ನಿಂತ ಅಶಿಯೊ ಪಟ್ಟಣ 2006ರಲ್ಲಿ ನಿಕ್ಕೊ ನಗರದೊಳಗೇ ವಿಲೀನವಾಯಿತು. ಗಣಿಯ ಹಣದಿಂದ ಹುಟ್ಟಿದ ತಂಡದ ಎದೆಯ ಮೇಲೆ ಇಂದಿರುವ ಊರಿನ ಹೆಸರು ಆ ಗಣಿಯ ಊರಿನದೂ ಹೌದು.