ತೆಂಗಿನ ಬುಡದ ಸಿಪ್ಪೆ

ಪ್ರಶ್ನೆ: ಬೇಸಗೆಗೆ ಮೊದಲು ನಮ್ಮ ಬಸ್ರೂರಿನ ಹಿರಿಯರು ತೆಂಗಿನ ಬುಡದಲ್ಲಿ ಸಿಪ್ಪೆಗಳನ್ನು ಬೆನ್ನು ಮೇಲಾಗಿ ಕವುಚಿ ಹಾಸುತ್ತಾರೆ, ಹೂಳುವಾಗ ಮಾತ್ರ ಹೊಟ್ಟೆ ಮೇಲಾಗಿ ಇಡುತ್ತಾರೆ. ಈ ಭೇದವೇಕೆ?

ಉತ್ತರ: ಪೃಚ್ಛಕರು ಬಹು ಸೂಕ್ಷ್ಮವಾಗಿ ಗಮನಿಸಿದ್ದಾರೆ. ಮಣ್ಣಿನೊಳಗೆ ಹೂಳುವ ಸಿಪ್ಪೆಯ ಕಾರ್ಯವು ಜಲಸಂಗ್ರಹ. ತನ್ನ ತೂಕದ ಮೂರರಿಂದ ಐದು ಪಟ್ಟು ನೀರನ್ನು ಹೀರಿ ಹಿಡಿದಿಡುವ ಆ ನಾರಿನ ಒಡಲು ಮೇಲ್ಮುಖವಾಗಿದ್ದರೆ, ಮಳೆಗಾಲದಲ್ಲಿ ಇಳಿದುಬಂದ ನೀರು ಅಲ್ಲಿಯೇ ನೆಲೆನಿಂತು, ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಬೇರುಗಳಿಗೆ ಮೆಲ್ಲಮೆಲ್ಲನೆ ಒದಗುವುದು. ಮೇಲೆ ಹಾಸುವ ಸಿಪ್ಪೆಯದಾದರೋ ಆಚ್ಛಾದನದ ಕಾರ್ಯ: ನುಣುಪಾದ ಬೆನ್ನು ಆತಪವನ್ನು ತಡೆದು, ಮಣ್ಣಿನ ತೇವವು ಆವಿಯಾಗಿ ಹೋಗದಂತೆ ಕಾಯುವುದು. ಆದುದರಿಂದಲೇ ಮಳೆ ನಿಂತು ನೆಲ ಆರುವುದಕ್ಕೆ ಮುನ್ನವೇ ಇದನ್ನು ಹಾಸತಕ್ಕದ್ದು. ಒಣಗಿದ ನೆಲಕ್ಕೆ ಹೊದಿಸಿದ ಹೊದಿಕೆಯಿಂದ ಪ್ರಯೋಜನ ಅಲ್ಪ.

ಕಾಂಡದಿಂದ ಸುಮಾರು 1.8 ಮೀಟರ್ ತ್ರಿಜ್ಯದ ವೃತ್ತದಲ್ಲಿಯೇ ಹೀರುಬೇರುಗಳು ದಟ್ಟವಾಗಿರುವುದರಿಂದ ನೀರೂ ಹಾಸುವ ಸಿಪ್ಪೆಯೂ ಅಲ್ಲಿಯೇ ಸಲ್ಲಬೇಕು. ನಿಮ್ಮೂರಿನ ವಾರಾಹಿ ನದಿಯ ದಡದ ಮರಳುಮಿಶ್ರಿತ ಭೂಮಿಯಲ್ಲಿ ಎರೆದ ನೀರು ಬೇಗನೆ ಕೆಳಗಿಳಿಯುವುದರಿಂದ, ಒಮ್ಮೆಗೇ ಹೇರಳವಾಗಿ ಎರೆಯುವುದಕ್ಕಿಂತ ನಾಲ್ಕು ದಿನಗಳಿಗೊಮ್ಮೆ ಮರವೊಂದಕ್ಕೆ 200 ಲೀಟರಿನಷ್ಟು ಕೊಡುವುದು ಹಿತ.

ಸಿಪ್ಪೆಯಲ್ಲಿ ತೆಂಗಿಗೆ ಅತ್ಯಾವಶ್ಯಕವಾದ ಪೊಟ್ಯಾಷ್ ಸಮೃದ್ಧವಾಗಿದ್ದು, ಹೂಳಿದ ಸಿಪ್ಪೆಯ ಫಲ ಐದಾರು ವರ್ಷ ನಿಲ್ಲುವುದು. ಇಂತಹುದನ್ನು ಬಚ್ಚಲೊಲೆಗೆ ಒಟ್ಟುವ ಮನೆಗಳನ್ನು ಕಂಡಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ. ಉರಿಸಲೇಬೇಕಾದಲ್ಲಿ, ಬೂದಿಯನ್ನಾದರೂ ಮರದ ಬುಡಕ್ಕೆ ಹಿಂದಿರುಗಿಸಿರಿ.