ಕಿಮೋ ನಡೆದಾಗಿನ ಮರೆವು: ಅಕ್ಕಲಕೋಟೆ, ಸೊಲ್ಲಾಪುರದ ಅಕ್ಕಂದಿರಿಗೆ

ಅಕ್ಕಾ, ಸ್ತನ ಕ್ಯಾನ್ಸರಿಗೆ ಕಿಮೋ ನಡೆದದಾ? ಒಲೆ ಮೇಲೆ ಹಾಲಿಟ್ಟದ್ದು ಮರೀತದಾ? ಬೀಡಿ ಎಣಿಸುವಾಗ ಲೆಕ್ಕ ತಪ್ಪತದಾ? ಇದು ನಿಮ್ಮ ಸೋಮಾರಿತನ ಅಲ್ಲ, ಹುಚ್ಚೂ ಅಲ್ಲ.

ಅಮೆರಿಕದಲ್ಲಿ 581 ಸ್ತನ ಕ್ಯಾನ್ಸರ್ ರೋಗಿಗಳನ್ನು ಗಮನಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕಿಮೋ ಮುಗಿದು ಆರು ತಿಂಗಳಾದರೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ, ನೆನಪು ಮತ್ತು ಗಮನ ಮೊದಲಿನಂತಿಲ್ಲ ಎಂದರು.

ಔಷಧ, ಮೈಯೊಳಗಿನ ಉರಿಯೂತ, ರಕ್ತ ಕಡಿಮೆಯಾಗುವುದು, ನಿದ್ದೆಗೇಡು, ಚಿಂತೆ, ಅಕಾಲಕ್ಕೆ ಮುಟ್ಟು ನಿಲ್ಲುವುದು, ಎಲ್ಲ ಕೂಡಿ ಈ ಮರೆವು ತರಬಹುದು. ಬಹಳಷ್ಟು ಜನರಿಗೆ ನಿಧಾನವಾಗಿ ಸುಧಾರಿಸುತ್ತದೆ; ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ.

ನಮ್ಮದೇ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಇಂಥ ನೋಂದಣಿಯಲ್ಲಿ ಕ್ಯಾನ್ಸರ್ ಗಡ್ಡೆ ದಾಖಲೆಗೆ ಬರುತ್ತದೆ. ಮರೆವು ಹಾಗಲ್ಲ, ನೀವೇ ಬಾಯಿಬಿಟ್ಟು ಹೇಳಬೇಕು.

ಡಾಕ್ಟರಿಗೆ ಹೇಳಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಬೇಕೇ ಎಂದು ಕೇಳಿ. ನೆನಪಿನ ಪರೀಕ್ಷೆ ಮರಾಠಿಯಲ್ಲಿ ನಡೆದರೆ, ಮನೆಮಾತು ಕನ್ನಡ ಎಂದು ಧೈರ್ಯವಾಗಿ ತಿಳಿಸಿ; ಭಾಷೆಯ ತಡವರಿಕೆ ಮರೆವಿನ ಲೆಕ್ಕಕ್ಕೆ ಸೇರಬಾರದು. ಗುಳಿಗೆಯ ಹೊತ್ತು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೈಗೆ ಆದಷ್ಟು ನಡೆಯಿರಿ. ಕಿಮೋ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮನೆಯವರೇ, "ಎಷ್ಟು ಸಲ ಹೇಳಲಿ" ಎಂದು ಗದರಬೇಡಿ, ಇನ್ನೊಮ್ಮೆ ಹೇಳಿ. ಜ್ವರ ಬಂದರೆ, ಒಮ್ಮೆಲೇ ಗೊಂದಲವಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.